ಗೋಡುಹೊಲದ ದಾನ

ಎಪ್ಪತ್ತಮೂರನೆಯ ಇಸವಿಯ ಮಾರ್ಗಶಿರ ಮುಗಿಯುತ್ತ ಬಂದಿತ್ತು. ಊರ ಸುತ್ತ ಎಲ್ಲಿ ನೋಡಿದರೂ ಕಣಗಳು. ಸಗಣಿ ಸಾರಿಸಿ ಗಟ್ಟಿ ಮಾಡಿದ ನೆಲದ ಮೇಲೆ ರಾಗಿ ತೆನೆ ಹರಡಿ, ಎತ್ತುಗಳಿಗೆ ರೋಣಗಲ್ಲು ಕಟ್ಟಿ ಬೆಳಗಿನಿಂದ ಸುತ್ತು ಹೊಡೆಸುತ್ತಿದ್ದರು. ಗಾಳಿ ಎದ್ದಾಗ ಗಂಡಸರು ಮೊರ ಎತ್ತಿ ತೂರುತ್ತಿದ್ದರು. ಗಾಳಿ ಬಿದ್ದರೆ ಹಾಗೇ ಕೂತು ಎಲೆಅಡಿಕೆ ಮೆಲ್ಲುತ್ತಿದ್ದರು. ಹೊಟ್ಟಿನ ಧೂಳು ಹೆಂಗಸರ ರೆಪ್ಪೆಯ ಮೇಲೂ ಕೂತು ಎಲ್ಲರಿಗೂ ಒಮ್ಮೆಲೇ ವಯಸ್ಸಾದಂತೆ ಕಾಣುತ್ತಿತ್ತು.

ಅಪ್ಪಯ್ಯಣ್ಣ ಅಂದು ಹುಣಸೆ ವ್ಯಾಪಾರದವನ ಹತ್ತಿರ ಮಾತಾಡಲು ನಲ್ಲೂರಿಗೆ ಹೋಗಿದ್ದ. ಇಳಿಹೊತ್ತಿಗೆ ಗೋಡುಹೊಲದ ಕಣದಲ್ಲಿ ರಾಶಿ ಅಳೆಯುವುದಿತ್ತು. ಅದಕ್ಕೆಂದೇ ಅವನು ಊಟಕ್ಕೂ ನಿಲ್ಲದೆ ಹಿಂದಿರುಗಿದ. ಆ ನಾಲ್ಕೆಕರೆ ಅವನದು, ಆದರೆ ಸುಮಾರು ಇಪ್ಪತ್ತು ವರ್ಷದಿಂದ ಉಳುತ್ತಿದ್ದವನು ಪಿಳ್ಳಣ್ಣ. ವಾರಕ್ಕೆ, ಅಂದರೆ ಬೆಳೆದದ್ದರಲ್ಲಿ ಅರ್ಧ ಭೂಮಿಯವನಿಗೆ, ಅರ್ಧ ಉತ್ತವನಿಗೆ. ಇದಕ್ಕೆ ಕಾಗದವಿರಲಿಲ್ಲ, ಸಾಕ್ಷಿಯಿರಲಿಲ್ಲ. ವರ್ಷಕ್ಕೊಮ್ಮೆ ಕಣದಲ್ಲಿ ನಡೆಯುವ ಅಳತೆಯೇ ಕಾಗದ. ಭೂಮಿಯವನು ಬಂದು ರಾಶಿಗೆ ಕೈಮುಗಿದು ಮೊದಲ ಕೊಳಗ ತುಂಬಿ ‘ಲಾಭ’ ಎನ್ನಬೇಕು. ಒಂದು ಎನ್ನುವ ಹಾಗಿಲ್ಲ. ಆಮೇಲೆ ಉಳಿದವರು ಎರಡು, ಮೂರು ಎಂದು ಎಣಿಸಿಕೊಂಡು ಹೋಗುತ್ತಾರೆ. ಆ ‘ಲಾಭ’ ಎನ್ನುವ ಬಾಯಿ ಯಾರದೋ, ಹೊಲ ಅವರದು ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು.

ಅಪ್ಪಯ್ಯಣ್ಣ ಕಣಕ್ಕೆ ಬಂದಾಗ ರಾಶಿ ಇರಲಿಲ್ಲ. ಕಣ ಗುಡಿಸಿಯಾಗಿತ್ತು. ಪಿಳ್ಳಣ್ಣ, ಅವನ ಹೆಂಡತಿ ದ್ಯಾವಮ್ಮ ಹುಲ್ಲು ಒಟ್ಟುತ್ತಿದ್ದರು.

ಪಿಳ್ಳಣ್ಣ ಹುಲ್ಲಿನ ಮೆದೆಯಿಂದ ಇಳಿದು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿದ. ಮೋಡ ಕಟ್ಟುತ್ತಿತ್ತು, ಅದಕ್ಕೇ ಅಳೆದು ನಿಮ್ಮ ಪಾಲು ನಿಮ್ಮನೆಗೆ ಸಾಗಿಸಿ ನೆಲದೊಳಗಿನ ಹಗೇವಿಗೆ ತುಂಬಿಸಿಬಿಟ್ಟೆ, ಅಮ್ಮಾವ್ರೇ ಮುಂದೆ ನಿಂತಿದ್ದರು, ಎಂದ. ಹೇಳುವಾಗ ಅವನು ಮುಖ ನೋಡಲಿಲ್ಲ.

ಅಪ್ಪಯ್ಯಣ್ಣ ಆಕಾಶ ನೋಡಿದ. ಮೂಡಲಲ್ಲಿ ಒಂದಿಷ್ಟು ಮೋಡವಿತ್ತು. ಮಳೆಯ ಮೋಡ ಹೌದೋ ಅಲ್ಲವೋ ಎನ್ನುವಂಥದು.

"ಲಾಭ ಅಂದೋರು ಯಾರು?" ಎಂದು ಕೇಳಿದ.

"ನಾನೇ ಅಂದೆ, ಯಜಮಾನ್ರೇ."

ಅಪ್ಪಯ್ಯಣ್ಣ ಅಲ್ಲಿಂದಲೇ ತಿರುಗಿ ಮನೆಗೆ ಬಂದ. ಹೆಂಡತಿ ಅನುಸೂಯಮ್ಮ, ರಾಗಿ ಅಳತೆಯಲ್ಲಿ ಸೇರೂ ಕಡಿಮೆಯಿಲ್ಲ, ಹೋದ ವರ್ಷಕ್ಕಿಂತ ಹೆಚ್ಚೇ ಬಂದಿದೆ ಎಂದಳು. ಯಜಮಾನರು ಬರುವ ತನಕ ಇರಪ್ಪಾ ಎಂದು ತಾನೂ ಹೇಳಿದೆನೆಂದೂ, ಅವನು ಕೇಳದೆ ಒಂದೇ ಸಮ ಗಾಡಿ ಖಾಲಿ ಮಾಡಿಸಿದನೆಂದೂ ಹೇಳಿದಳು. ಆ ದಿನ ಮಳೆ ಬರಲಿಲ್ಲ. ಮೋಡ ಸಂಜೆಯೊಳಗೆ ಚದುರಿಹೋಯಿತು.

ದೀಪ ಹಚ್ಚುವ ಹೊತ್ತಿಗೆ ಹೊಸಕೋಟೆ ಕಡೆಯ ನೆಂಟ ಆವಲಪ್ಪ ಬಂದು ಬಾಗಿಲಾಚೆಯೇ ನಿಂತ. ಅಪ್ಪಯ್ಯಣ್ಣನ ಚಿಕ್ಕಪ್ಪನ ಮಗ ಹಿಂದಿನ ರಾತ್ರಿ ತೀರಿಕೊಂಡಿದ್ದ. ಸುದ್ದಿ ಕಿವಿಗೆ ಬಿದ್ದದ್ದೇ ಮನೆಯವರೆಲ್ಲ ತಲೆಗೆ ನೀರು ಹಾಕಿಕೊಂಡರು. ಸೂತಕ ಹಿಡಿಯಿತು. ಅಪ್ಪಯ್ಯಣ್ಣ ಮಣ್ಣಿಗೆ ಹೋಗಿ ಬಂದ. ಹನ್ನೊಂದನೆಯ ದಿನದವರೆಗೆ ಕಣ ತುಳಿಯುವಂತಿರಲಿಲ್ಲ, ಕಾಳು ಮುಟ್ಟುವಂತಿರಲಿಲ್ಲ. ಜಗಲಿಯ ಮೇಲೆ ಕೂತಿರುವುದೊಂದೇ ಕೆಲಸ.

ಕೂತವನಿಗೆ ಸತ್ತವನ ನೆನಪಿಗಿಂತ ಪಿಳ್ಳಣ್ಣನ ‘ನಾನೇ ಅಂದೆ’ ಎಂಬ ಮಾತೇ ಹೆಚ್ಚು ನೆನಪಾಯಿತು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಜ್ವರ ಬಂದಾಗಲೂ ತಾನು ಕಂಬಳಿ ಹೊದ್ದು ಹೋಗಿ ಲಾಭ ಎಂದು ಬಂದಿದ್ದ. ಈಗ ಪಿಳ್ಳಣ್ಣ ಒಂದು ಗಳಿಗೆ ಕಾಯದೆ ಅಳೆದನೆಂದರೆ ಅದು ಮೋಡವಲ್ಲ, ಬೇರೆ ಏನೋ. ರಾತ್ರಿ ಮಲಗಿದಾಗ ಆ ಏನೋ ಸ್ವಲ್ಪ ಬೆಳೆಯುತ್ತಿತ್ತು.

ಸೂತಕದ ಮನೆಗೆ ಮಾತಾಡಿಸಲು ಬಂದ ಸಂಜೀವಪ್ಪ ಅದಕ್ಕೆ ಹೆಸರಿಟ್ಟ. ಅವನು ಅನುಸೂಯಮ್ಮನ ತಮ್ಮ, ದೇವನಹಳ್ಳಿಯಲ್ಲಿ ಒಬ್ಬ ವಕೀಲರ ಗುಮಾಸ್ತ. ಉಳುವವನೇ ಹೊಲದೊಡೆಯ ಎಂಬ ಕಾನೂನು ಬರುವುದು ಖಾತ್ರಿ, ಇನ್ನು ಎರಡು ಮೂರು ತಿಂಗಳಿರಬಹುದು ಅಷ್ಟೆ, ಎಂದು ಅವನು ಕಾಲು ಚಾಚಿ ಕೂತು ವಿವರಿಸಿದ. ಅವರವರ ಗೇಣಿದಾರರು ಈಗಲೇ ಬಾಲ ಬಿಚ್ಚಿದ್ದಾರೆ ಎಂದ. ಅಪ್ಪಯ್ಯಣ್ಣ ಕಣದ ವಿಷಯ ಹೇಳಿದ.

"ಭಾವ, ಅವ್ನು ಲಾಭ ಅಂದಿದ್ದಲ್ಲ ಅದು. ಅರ್ಜಿ ಹಾಕಿದ್ದು," ಎಂದು ಸಂಜೀವಪ್ಪ ನಕ್ಕ. "ಇನ್ಮೇಲೆ ವಾರ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರ್ಬಾರ್ದು."

ದಾರಿಯನ್ನೂ ಅವನೇ ತೋರಿಸಿದ. ಕೃಷಿ ಯೂನಿವರ್ಸಿಟಿಯವರು ರಾಗಿಯ ಹೊಸ ತಳಿ ಬೆಳೆದು ನೋಡುವುದಕ್ಕೆ ರಸ್ತೆ ಪಕ್ಕದ ಜಮೀನು ಹುಡುಕುತ್ತಿದ್ದರು. ದಾನ ಕೊಟ್ಟರೆ ಅಪ್ಪನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಯೂನಿವರ್ಸಿಟಿಯ ಭೂಮಿಗೆ ಆ ಕಾನೂನು ತಾಗುವುದಿಲ್ಲ. ಅಪ್ಪಯ್ಯಣ್ಣ, ಹಾಗೆ ಮಾಡಿದರೆ ನನಗೂ ಹೊಲ ಹೋಯಿತಲ್ಲ ಎಂದ.

"ಹೋಗ್ಲಿ ಬಿಡಿ ಭಾವ. ಕೆರೆ ಕೆಳಗಿನ ಗದ್ದೆ ಇದೆ, ಬಾವಿ ತೋಟ ಇದೆ. ಇದು ನಿಮಗೂ ಇಲ್ಲ, ಅವ್ನಿಗೂ ಇಲ್ಲ. ಹೆಸರು ಮಾತ್ರ ನಿಮ್ದು."

‘ಅವನಿಗೂ ಇಲ್ಲ’ ಎಂಬ ಮಾತಿಗೆ ಅಪ್ಪಯ್ಯಣ್ಣನ ಮನಸ್ಸು ಹಗುರವಾಯಿತು. ಹಗುರವಾದದ್ದು ತನಗೇ ತಿಳಿದು ಅವನು ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿದ.

ಸಂಕ್ರಾಂತಿ ಕಳೆದ ಮೇಲೆ ಯೂನಿವರ್ಸಿಟಿಯಿಂದ ಆದಿನಾರಾಯಣಪ್ಪ ಎಂಬ ಪ್ರೊಫೆಸರು ಜೀಪಿನಲ್ಲಿ ಬಂದರು. ಗಂಭೀರ ಮನುಷ್ಯ, ಬೂಟು ಕಳಚಿ ಹೊಲಕ್ಕಿಳಿದರು. ಮಣ್ಣು ನೋಡಲು ಗುಂಡಿ ತೋಡಬೇಕೆಂದಾಗ ಅಪ್ಪಯ್ಯಣ್ಣ ಪಿಳ್ಳಣ್ಣನನ್ನೇ ಕರೆಸಿದ. ಬೇರೆ ಯಾರನ್ನಾದರೂ ಕರೆಸಬಹುದಿತ್ತು. ಅವನನ್ನು ಕರೆಸದಿದ್ದರೆ ಆಮೇಲೆ ತಕರಾರು ಎದ್ದೀತು, ಎದುರಿಗೇ ಆಗಲಿ ಎಂದು ಸಂಜೀವಪ್ಪ ಹೇಳಿದ್ದ.

ಹಾರೆಯಿಂದ ತೋಡಿದಷ್ಟೂ ಕಪ್ಪು ಮಣ್ಣು ಬಂತು. ಪ್ರೊಫೆಸರು ಹಿಡಿ ತೆಗೆದು ಹಿಸುಕಿ ನೋಡಿ, ಸುತ್ತ ಎಲ್ಲ ಕೆಂಪು ಗರಜು, ಇಲ್ಲಿ ಮಾತ್ರ ಹೀಗಿರುವುದು ಹೇಗೆ ಎಂದರು. ಅದು ಕೆರೆಯ ಗೋಡು. ಪಿಳ್ಳಣ್ಣ ಪ್ರತಿ ಬೇಸಿಗೆಯಲ್ಲೂ ಕೆರೆ ಒಣಗಿದಾಗ ಗಾಡಿಗಟ್ಟಲೆ ಹೂಳು ಹೇರಿ ತಂದು ಹರಡಿದ್ದ. ಅವನು ಉಳುವುದಕ್ಕೆ ಮುಂಚೆ ಆ ಹೊಲಕ್ಕೆ ಗರಜುಹೊಲ ಎಂದೇ ಹೆಸರು. ಅಪ್ಪಯ್ಯಣ್ಣ, ಗೋಡು ಹೊಡೆಸಿದ್ದೇವೆ ಸ್ವಾಮಿ, ಎಂದಷ್ಟೇ ಹೇಳಿದ.

ಪ್ರೊಫೆಸರು ಕೈ ಝಾಡಿಸಿಕೊಂಡು ಕೇಳಿದರು. "ಇದನ್ನ ಉಳ್ತಾ ಇರೋರು ಯಾರು? ಗೇಣಿ ವಾರ ಅಂತ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ಒಬ್ಬರ ಹೊಟ್ಟೆ ಮೇಲೆ ಹೊಡೆದು ನಮಗೆ ಜಮೀನು ಬೇಡ."

"ನಾನೇ ಉಳ್ಸೋದು ಸ್ವಾಮಿ," ಎಂದ ಅಪ್ಪಯ್ಯಣ್ಣ. "ಇವ್ನು ನಮ್ಮನೆ ಆಳು."

ಅವರು ಪಿಳ್ಳಣ್ಣನ ಕಡೆ ತಿರುಗಿ, "ಏನಪ್ಪಾ, ಹೌದಾ?" ಎಂದರು.

ಪಿಳ್ಳಣ್ಣ ಗುಂಡಿಯೊಳಗೆ ಮೊಣಕಾಲುದ್ದಕ್ಕೆ ನಿಂತಿದ್ದ. ಹಾರೆಗೆ ಅಂಟಿದ ಮಣ್ಣನ್ನು ಬೆರಳಿನಿಂದ ಸವರಿ ತೆಗೆದ. ಅಪ್ಪಯ್ಯಣ್ಣ, ಅವನು ಅಲ್ಲ ಎಂದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ.

"ಹೌದು ಸ್ವಾಮಿ. ಯಜಮಾನ್ರ ಆಳು."

ಹೊರಗಿನವರ ಎದುರಿಗೆ ಮನೆಯ ಹಿರಿಯನ ಮಾತನ್ನು ಅಲ್ಲಗಳೆಯುವುದು ಆ ಊರಿನಲ್ಲಿ ಇಲ್ಲ. ಬೈಯುವುದಿದ್ದರೂ ಜೀಪು ಹೋದ ಮೇಲೆ. ಅಪ್ಪಯ್ಯಣ್ಣನಿಗೂ ಇದು ಗೊತ್ತಿತ್ತು. ಜೋಡಿಸಿದ್ದ ಮಾತುಗಳು ಬೇಕಾಗಲೇ ಇಲ್ಲ. ಪ್ರೊಫೆಸರು ಒಂದು ಗಳಿಗೆ ಇಬ್ಬರನ್ನೂ ನೋಡಿ ಗುಂಡಿ ಮುಚ್ಚಲು ಹೇಳಿದರು.

ಜೀಪು ಹೋದ ಮೇಲೆಯೂ ಪಿಳ್ಳಣ್ಣ ಬೈಯಲಿಲ್ಲ. ಹೊಲ ಯೂನಿವರ್ಸಿಟಿಗೆ ಹೋಗುತ್ತದೆ, ಅಪ್ಪನ ಹೆಸರಿನಲ್ಲಿ, ನಾಲ್ಕು ಜನಕ್ಕೆ ವಿದ್ಯೆಯಾಗುತ್ತದೆ ಎಂದು ಅಪ್ಪಯ್ಯಣ್ಣ ತಾನಾಗಿಯೇ ಹೇಳಿದ. ಒಳ್ಳೆಯದೇ ಅಲ್ಲವೇ ಎಂದು ಪಿಳ್ಳಣ್ಣ ಒಪ್ಪಿದ. ಸ್ವಲ್ಪ ದೂರ ನಡೆದ ಮೇಲೆ ಕೇಳಿದ.

"ಉಗಾದಿಗೆ ಹೊನ್ನಾರು ಕಟ್ಬೋದಾ ಯಜಮಾನ್ರೇ? ಒಂದೇ ಒಂದು ಸುತ್ತು."

ಅಷ್ಟು ಹೊತ್ತಿಗೆ ಬರೆದುಕೊಟ್ಟಾಗಿರುತ್ತದೆ, ಆಗುವುದಿಲ್ಲ ಎಂದ ಅಪ್ಪಯ್ಯಣ್ಣ. ವರ್ಷದ ಮೊದಲ ಉಳುಮೆಯನ್ನು ಪಿಳ್ಳಣ್ಣ ಆ ಸಲ ಎಲ್ಲೂ ಮಾಡಲಿಲ್ಲ. ಉಗಾದಿಯ ಬೆಳಿಗ್ಗೆ ಅವನ ಎತ್ತುಗಳು ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು ಹಟ್ಟಿಯಲ್ಲೇ ನಿಂತಿದ್ದವು.

ಶಿವರಾತ್ರಿಗೆ ಮುಂಚೆಯೇ ದಾನಪತ್ರ ರಿಜಿಸ್ಟರ್ ಆಯಿತು. ದೇವನಹಳ್ಳಿಯಿಂದ ಬಂದು ಕಾಲು ತೊಳೆಯುತ್ತಿದ್ದ ಗಂಡನಿಗೆ ಅನುಸೂಯಮ್ಮ ನೀರು ಹಾಕುತ್ತ, ನಿಮ್ಮಪ್ಪ ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ, ಯೂನಿವರ್ಸಿಟಿ ಅಂದರೆ ಹಣ್ಣೋ ಕಾಯೋ ಗೊತ್ತಿರಲಿಲ್ಲ ಅವರಿಗೆ, ಎಂದಳು. ಅಪ್ಪಯ್ಯಣ್ಣ ಇನ್ನೊಂದು ಕಾಲು ಮುಂದಿಟ್ಟ. ಅವಳು ಚೊಂಬು ಕೆಳಗಿಟ್ಟು, "ಅವ್ನು ಬದು ಆಚೆ ನಿಮ್ಮ ಸಮಕ್ಕೆ ನಿಂತ್ಕೊಂಡ್ಬಿಟ್ರೆ ಅಂತ ತಾನೇ ಇಷ್ಟೆಲ್ಲಾ?" ಎಂದಳು. ಚೊಂಬು ಅಲ್ಲೇ ಬಿಟ್ಟು ಒಳಗೆ ಹೋದಳು.

ಸಮಾರಂಭ ಮಳೆಗಾಲಕ್ಕೆ ಮುಂಚೆ ನಡೆಯಿತು. ಹೊಲದಲ್ಲೇ ಶಾಮಿಯಾನ, ಎರಡು ಸಾಲು ಮಡಿಸುವ ಕುರ್ಚಿ, ಮೈಕು. ಕಲ್ಲಿನ ಮೇಲೆ ಅಪ್ಪನ ಹೆಸರು, ಅದರ ಕೆಳಗೆ ‘ಮಗ ಅಪ್ಪಯ್ಯಣ್ಣನವರ ಔದಾರ್ಯದಿಂದ’ ಎಂಬ ಸಾಲು. ಯೂನಿವರ್ಸಿಟಿಯ ದೊಡ್ಡವರೊಬ್ಬರು, ಉಳ್ಳವರು ಭೂಮಿ ಬಚ್ಚಿಡಲು ಒದ್ದಾಡುತ್ತಿರುವ ಈ ಕಾಲದಲ್ಲಿ ಇಂಥ ರೈತರೊಬ್ಬರಿದ್ದಾರಲ್ಲ ಎಂದು ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. ಅಪ್ಪಯ್ಯಣ್ಣನನ್ನು ಎಬ್ಬಿಸಿ ಎರಡು ಮಾತು ಹೇಳಿಸಿದರು. ಅವನು ಇದು ನಮ್ಮಪ್ಪನ ಆಸೆ ಎಂದು ಹೇಳಿ, ಇನ್ನೇನೂ ತೋಚದೆ, ನಮ್ಮಪ್ಪನ ಆಸೆ ಎಂದು ಮತ್ತೊಮ್ಮೆ ಹೇಳಿ ಕೂತ. ಶಾಮಿಯಾನದ ಹಿಂದೆ ಪಿಳ್ಳಣ್ಣ ಅತಿಥಿಗಳಿಗೆ ನೀರಿನ ಕೊಳದಪ್ಪಲೆ ತುಂಬುತ್ತಿದ್ದ. ಯಾರೂ ಅವನನ್ನು ಕರೆದಿರಲಿಲ್ಲ. ಊರಿನಲ್ಲಿ ಕೆಲಸವಾಗುವಾಗ ಬಂದು ಕೈಹಚ್ಚುವುದು ಅವನ ರೂಢಿ.

ಊಟಕ್ಕೆ ಅಪ್ಪಯ್ಯಣ್ಣನ ಪಕ್ಕದ ಎಲೆಯಲ್ಲಿ ಕೂತವನು ಆವಲಪ್ಪ. ಪಾಯಸಕ್ಕೆ ಕೈಹಾಕಿದವನು ನೀರು ಹೊತ್ತು ಹೋಗುತ್ತಿದ್ದ ಪಿಳ್ಳಣ್ಣನನ್ನು ಕಂಡು ಗುರುತು ಹಿಡಿದ.

"ಇಂಥ ಆಳು ಸಿಕ್ಬೇಕಾದ್ರೆ ಪುಣ್ಯ ಮಾಡಿರ್ಬೇಕು ಕಣಣ್ಣ ನೀನು," ಎಂದ.

ಯಾಕೆ ಎಂದು ಅಪ್ಪಯ್ಯಣ್ಣ ಕೇಳಿದ. ಆವಲಪ್ಪ ಸಾವಕಾಶವಾಗಿ ಉಣ್ಣುತ್ತ ಹೇಳಿದ. ಸಾವಿನ ಸುದ್ದಿ ತಂದ ದಿನ ಅವನು ದೇವನಹಳ್ಳಿಯಲ್ಲಿ ಬಸ್ಸಿಳಿದದ್ದು ಬೆಳಗ್ಗೆಯೇ. ಗೋಣಿಚೀಲ ತರಲು ಬಂದಿದ್ದ ಪಿಳ್ಳಣ್ಣ ಎದುರಾದ, ವಿಷಯ ತಿಳಿದದ್ದೇ ಅವನ ಮುಖ ಸಪ್ಪಗಾಯಿತು. ಕಣದಲ್ಲಿ ರಾಗಿ ಇದೆ, ಮೋಡ ಬೇರೆ ಕಾಣುತ್ತಿದೆ, ಈಗ ಸುದ್ದಿ ಮುಟ್ಟಿದರೆ ಯಜಮಾನರಿಗೆ ಸೂತಕವಾಗುತ್ತದೆ, ಹನ್ನೊಂದು ದಿನ ಕಾಳು ಮನೆಯೊಳಗೆ ಹೋಗುವಂತಿಲ್ಲ. ಕಿವಿಗೆ ಬಿದ್ದ ಮೇಲೆ ತಾನೇ ಸೂತಕ, ಸಂಜೆಯವರೆಗೆ ತಡೆಯಿರಿ ಎಂದು ಕೈಹಿಡಿದು ಕೇಳಿಕೊಂಡ. ಹೋಟೆಲಿನಲ್ಲಿ ಕೂರಿಸಿ, ಉಪ್ಪಿಟ್ಟು ಕಾಫಿ ಕೊಡಿಸಿ, ಓಡುತ್ತಲೇ ಹೋದ.

"ನಿಂಗೆ ಹೇಳಿದ್ರೂ ಕಷ್ಟ, ಹೇಳ್ದೆ ನಿನ್ನ ಕೈಲಿ ಅಳೆಸಿದ್ರೂ ಅಪಚಾರ. ಅದಕ್ಕೇ ನೀನು ಬರೋ ಮುಂಚೆ ನಾನೇ ಮುಗಿಸ್ಬಿಡ್ತೀನಿ, ಆ ಪಾಪ ನಂಗಿರ್ಲಿ ಅಂದ. ನಿಂಗೆ ಹೇಳ್ಲಿಲ್ವಾ ಇಷ್ಟು ದಿನ?"

ಅಪ್ಪಯ್ಯಣ್ಣ ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದ. ಬಡಿಸುವವರು ಬಂದು ಏನು ಹಾಕಲಿ ಎಂದರು. ಅವನು ಕೈ ಅಡ್ಡ ಹಿಡಿದ.

ಆಮೇಲೆ ಕೆಲವು ದಿನ ಅವನು ಪಿಳ್ಳಣ್ಣನ ಮನೆಯಿರುವ ಓಣಿಯಲ್ಲಿ ಹೋಗಲಿಲ್ಲ. ಹಗೇವಿನಿಂದ ತೆಗೆದ ರಾಗಿಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ನಾಲ್ಕೆಕರೆಯನ್ನು ವಾಪಸು ಕೇಳುವಂತಿಲ್ಲ, ಅದು ಮುಗಿಯಿತು. ಬಾವಿ ತೋಟದ ಪಕ್ಕದ ಎರಡೆಕರೆ ಇತ್ತು, ಗೋಡುಹೊಲಕ್ಕೆ ತಾಗಿದ್ದು, ನೀರಿನ ಅನುಕೂಲದ್ದು, ಅದಕ್ಕಿಂತ ಒಂದು ತೂಕ ಹೆಚ್ಚಿನದೇ. ಅದನ್ನು ಪಿಳ್ಳಣ್ಣನ ಹೆಸರಿಗೆ ಬರೆದುಕೊಟ್ಟುಬಿಡಬೇಕೆಂದು ನಿಶ್ಚಯಿಸಿ ಒಂದು ಬೆಳಿಗ್ಗೆ ಹೋದ.

ಪಿಳ್ಳಣ್ಣ ಅಂಗಳದಲ್ಲಿ ಕೂತು ನೊಗದ ಹಗ್ಗ ಹೊಸೆಯುತ್ತಿದ್ದ. ಎದ್ದು ಕಂಬಳಿ ಹಾಸಿದ. ದ್ಯಾವಮ್ಮ ಒಲೆಯ ಮುಂದಿಂದ ಏಳಲಿಲ್ಲ. ಅಪ್ಪಯ್ಯಣ್ಣ ಮಳೆಯ ಮಾತಾಡಿದ, ಎತ್ತಿನ ಮಾತಾಡಿದ. ಕೊನೆಗೆ, ಬಾವಿ ಪಕ್ಕದ ಎರಡೆಕರೆ ನೀನೇ ಮಾಡಿಕೋ, ಬರೆದುಕೊಡುತ್ತೇನೆ, ಪಾಪ ನಿನಗೂ ಕಷ್ಟ, ಎಂದ.

ಒಳಗಿನಿಂದ ದ್ಯಾವಮ್ಮನೇ ಮೊದಲು ಮಾತಾಡಿದ್ದು.

"ಆಳು ಅಂದ್ರಂತಲ್ಲ ಯಜಮಾನ್ರು. ಆಳಿಗೆ ಕೂಲಿ ಕೊಡ್ತಾರೆ. ಇಪ್ಪತ್ತು ವರ್ಷ ಇವ್ನು ಕೂಲಿ ಇಸ್ಕೊಂಡಿದ್ದು ನಾನಂತೂ ಕಾಣೆ. ಅರ್ಧ ರಾಶಿ ಕೊಟ್ಟಿದ್ದು ಕಂಡಿದ್ದೀನಿ."

"ಸುಮ್ನಿರು," ಎಂದ ಪಿಳ್ಳಣ್ಣ. ಆದರೆ ಗಟ್ಟಿಯಾಗಿ ಹೇಳಲಿಲ್ಲ.

ಅಪ್ಪಯ್ಯಣ್ಣ ನೆಲ ನೋಡುತ್ತ, ಆವಲಪ್ಪ ಎಲ್ಲ ಹೇಳಿದ, ನೀನು ಅವತ್ತೇ ಯಾಕೆ ಹೇಳಲಿಲ್ಲ, ಎಂದು ಕೇಳಿದ. ಸೂತಕ ಕಳೆದ ಮೇಲೆ ಹೇಳೋಣವೆಂದಿದ್ದೆ, ಅಷ್ಟರಲ್ಲಿ ನೀವು ಮಾತು ಬಿಟ್ಟಿರಿ, ಆಮೇಲೆ ಜೀಪು ಬಂತು, ಎಂದ ಪಿಳ್ಳಣ್ಣ. ಹೊಲ ತನ್ನದಾಗಬೇಕೆಂದು ತಾನು ಒಂದು ದಿನವೂ ಅಂದುಕೊಂಡಿರಲಿಲ್ಲ ಎಂದು ಅವನು ಹೇಳಲಿಲ್ಲ. ಅಪ್ಪಯ್ಯಣ್ಣ ಅದನ್ನೇ ಕೇಳಲು ಕಾದಿದ್ದ. ಪಿಳ್ಳಣ್ಣ ಹಗ್ಗದ ಎಳೆ ಬಿಗಿದು ಹೇಳಿದ.

"ಕೊಡೋದಾದ್ರೆ ಕೊಡಿ ಯಜಮಾನ್ರೇ, ಬೇಡ ಅನ್ನಲ್ಲ. ಆದ್ರೆ ದಾನ ಅಂತ ಕೊಡಬೇಡಿ. ನಾನು ಆಳಲ್ಲ, ವಾರಕ್ಕೆ ಮಾಡ್ತಿದ್ದೋನು ಅಂತ ಚಾವಡೀಲಿ ನಾಲ್ಕು ಜನದ ಮುಂದೆ ಹೇಳಿ. ಅವತ್ತು ಸುಳ್ಳು ಹೇಳಿದ್ವಿ ಅಂತ್ಲೂ ಹೇಳಿ. ನಾನೂ ಹೇಳಿದ್ದೀನಲ್ಲ, ನಾನೂ ಪಕ್ಕದಲ್ಲಿ ನಿಂತ್ಕೋತೀನಿ."

ಅಪ್ಪಯ್ಯಣ್ಣ, ಆಗಲಿ ಎಂದು ಎದ್ದು ಬಂದ.

ಕೆರೆಯ ತೂಬಿನ ಸರದಿ ಗೊತ್ತು ಮಾಡಲು ಊರವರು ಚಾವಡಿಯಲ್ಲಿ ಸೇರಿದ ದಿನ ಅವನು ಒಗೆದ ಪಂಚೆಯುಟ್ಟು ಹೋದ. ತೂಬಿನ ಮಾತು ಮುಗಿಯುವ ತನಕ ಕಾದ. ಪಿಳ್ಳಣ್ಣ ಬಾಗಿಲ ಕಂಬಕ್ಕೆ ಒರಗಿ ಕೂತಿದ್ದ. ತನ್ನದೊಂದು ಮಾತಿದೆ ಎಂದು ಅಪ್ಪಯ್ಯಣ್ಣ ಎದ್ದು ನಿಂತಾಗ ಎಲ್ಲರೂ ತಿರುಗಿದರು. ಹಿರಿಯ ದೊಡ್ಡಮುನಿಯಪ್ಪ, ಯೂನಿವರ್ಸಿಟಿ ಯಜಮಾನ್ರು ಮಾತಾಡ್ತಾರೆ ಸುಮ್ನಿರ್ರೋ, ಎಂದು ಗದ್ದಲ ಅಡಗಿಸಿದ. ಸಮಾರಂಭ ಆದಂದಿನಿಂದ ಊರು ಅವನನ್ನು ಹಾಗೇ ಕರೆಯುತ್ತಿತ್ತು. ಅರ್ಧ ತಮಾಷೆ, ಅರ್ಧ ಗೌರವ.

ಕಂಬದ ಕಡೆ ಪಿಳ್ಳಣ್ಣ ಎದ್ದು ನಿಂತದ್ದು ಅಪ್ಪಯ್ಯಣ್ಣನಿಗೆ ಕಾಣಿಸಿತು. ಬಾಯಿ ತೆರೆದ.

"ಈ ನಮ್ಮ ಪಿಳ್ಳಣ್ಣ ಇದ್ದಾನಲ್ಲ," ಎಂದ. "ಬಡವ. ನಮ್ಮನೇಲಿ ಬಾಳ ದಿನದಿಂದ ದುಡ್ದಿದ್ದಾನೆ. ಅವ್ನಿಗೂ ಏನಾದ್ರೂ ಮಾಡ್ಬೇಕು ಅಂತ ನನಗೆ ಮನಸ್ಸಾಗಿದೆ."

ಜನ ಮೆಚ್ಚಿ ತಲೆದೂಗಿದರು. ಕರ್ಣನ ಕೈ ಕಣಪ್ಪಾ ಇವರದು ಎಂದ ಯಾರೋ ಒಬ್ಬ. ಅಪ್ಪಯ್ಯಣ್ಣ ಮುಂದಿನ ಮಾತಿಗೆ ತಡಕಾಡಿದ. ಅದು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಒಂದು ಉಸಿರಿನಷ್ಟು ದೂರ. ಅಷ್ಟರಲ್ಲಿ ದೊಡ್ಡಮುನಿಯಪ್ಪ ಅವನ ಭುಜ ತಟ್ಟಿ ಕೂರಿಸಿದ. ಅವನು ಕೂತ. ಕಂಬದ ಕಡೆ ನೋಡಿದಾಗ ಪಿಳ್ಳಣ್ಣ ಮೆಟ್ಟಿಲಿಳಿದು ಹೋಗುತ್ತಿದ್ದ. ಓಡಲಿಲ್ಲ, ತಿರುಗಿಯೂ ನೋಡಲಿಲ್ಲ. ಕೆಲಸ ಮುಗಿದವನ ಹಾಗೆ ಹೋದ.

ಅಪ್ಪಯ್ಯಣ್ಣ ಪತ್ರ ಬರೆಸಿ ಸಂಜೀವಪ್ಪನ ಕೈಯಲ್ಲಿ ಕಳಿಸಿದ. ಪಿಳ್ಳಣ್ಣ ಹೆಬ್ಬೆಟ್ಟು ಒತ್ತಲಿಲ್ಲ. ಆ ಮಳೆಗಾಲದಲ್ಲಿ ಎತ್ತು ಮಾರಿ, ಹೆಂಡತಿಯೊಂದಿಗೆ ದೇವನಹಳ್ಳಿ ಆಚೆಯ ವಿಜಯಪುರದ ಹತ್ತಿರದ ಇಟ್ಟಿಗೆ ಗೂಡಿಗೆ ಕೂಲಿಗೆ ಹೋದ. ಮನೆಗೆ ಬೀಗ ಬಿತ್ತು. ಎರಡೆಕರೆಯನ್ನು ಅಪ್ಪಯ್ಯಣ್ಣ ಉಳಲಿಲ್ಲ, ಇನ್ನೊಬ್ಬರಿಗೆ ಕೊಡಲೂ ಇಲ್ಲ. ಅಲ್ಲಿ ಕರಿಕೆ ಹುಲ್ಲು ಬೆಳೆಯಿತು. ಹಾದುಹೋಗುವವರು ಯಾಕೆ ಬೀಳು ಬಿಟ್ಟಿದ್ದೀರಿ ಎಂದರೆ, ಆಳಿಲ್ಲ ಎನ್ನಲು ಹೋಗಿ, ಆ ಮಾತು ಬಾರದೆ, ನೋಡೋಣ ಎನ್ನುತ್ತಿದ್ದ.

ಮರುವರ್ಷ ಪ್ರೊಫೆಸರು ಮತ್ತೆ ಬಂದರು. ಪ್ರಯೋಗದ ಬೆಳೆಗೆ ನೀರು ಸಾಲದು, ಬಾವಿ ತೋಡಲು ಪಕ್ಕದಲ್ಲಿ ಜಾಗ ಸಿಕ್ಕರೆ ಕ್ರಯಕ್ಕಾದರೂ ಸರಿ ಎಂದು ಕೇಳಿದರು. ಅಪ್ಪಯ್ಯಣ್ಣ ಅವರನ್ನು ಕರೆದುಕೊಂಡು ಹೋಗಿ ಕರಿಕೆ ಬೆಳೆದ ಎರಡೆಕರೆ ತೋರಿಸಿದ. ಕ್ರಯ ಬೇಡ, ಹಾಗೇ ತೆಗೆದುಕೊಳ್ಳಿ ಎಂದ. ಅನುಸೂಯಮ್ಮ ಆ ದಿನ ಗಂಡನಿಗೆ ಊಟಕ್ಕೆ ಬಡಿಸಿ ಎದುರಿಗೆ ಕೂರದೆ ಎದ್ದು ಹೋದಳು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಎಲ್ಲರೂ ಅವನಿಗೆ ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಅವರು ತೋರಿಸಿದ ಕಡೆಯೆಲ್ಲ ಅವನು ಸಹಿ ಹಾಕಿದ. ಯಾಕೆ ಕೊಡುತ್ತೀರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.